ಒಬ್ಬ ಸಾಕ್ಷಿ ಕೊಡಿ

ಸಭೆ ಕರೆದದ್ದು ಹಿಯಾಮ್. ಅರಬ್ಬರ ಊರಾದ ಐನ್ ಸಮ್ರಾದ ಸಾಂಸ್ಕೃತಿಕ ಭವನದಲ್ಲಿ ಅಷ್ಟು ಜನ ಸೇರಿ ವರ್ಷಗಳೇ ಆಗಿದ್ದವು. ಈಚೆಗೆ ಜನ ಮದುವೆಗೆ ಹೋಗಲೂ ಅಂಜುತ್ತಿದ್ದರು. ಯಾವ ಚಪ್ಪರದಲ್ಲಿ ಯಾರು ಯಾರಿಗೆ ಗುಂಡು ಹೊಡೆಯುತ್ತಾರೋ ಹೇಳುವಂತಿರಲಿಲ್ಲ. ಆದರೆ ಪೊಲೀಸ್ ಠಾಣೆಯ ಮುಖ್ಯಸ್ಥನೇ ಬಂದು ಉತ್ತರ ಕೊಡುತ್ತಾನೆ ಎಂಬ ಸುದ್ದಿ ಹಬ್ಬಿದ ಮೇಲೆ ಮುದುಕರು, ಹೆಂಗಸರು, ಅಂಗಡಿಯವರು, ಮೇಷ್ಟರುಗಳು ಎಲ್ಲ ಬಂದಿದ್ದರು. ಕುರ್ಚಿ ಸಾಲದೆ ಗೋಡೆಗೊರಗಿ ನಿಂತವರೇ ಅರ್ಧ.

ಹಿಯಾಮ್ ದೊಡ್ಡ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟವಳು. ಊರಿಗೆಲ್ಲ ಅವಳು ಡಾಕ್ಟ್ರಮ್ಮ. ಹೋದ ಚುನಾವಣೆಯಲ್ಲಿ ನಗರಸಭೆಗೆ ಆರಿಸಿ ಬಂದಿದ್ದಳು. ಊರಲ್ಲಿ ಕೊಲೆಗಳು ಹೆಚ್ಚಿ, ಕೊಂದವರು ಕಾರಿನ ಕಿಟಕಿ ಇಳಿಸಿ ಹಾಡು ಹಾಕಿಕೊಂಡು ಹಾಡಹಗಲೇ ತಿರುಗತೊಡಗಿದಾಗ ನಾಗರಿಕರ ಸಮಿತಿ ಎಂದೊಂದನ್ನು ಕಟ್ಟಿದವಳೂ ಅವಳೇ. ಅವಳಿಗೆ ಮಾತು ಬರುತ್ತಿತ್ತು. ಮೈಕು ಕೈಗೆ ಬಂದರೆ ದನಿ ತಾನಾಗಿಯೇ ಗಟ್ಟಿಯಾಗುತ್ತಿತ್ತು.

"ಸಾಹೇಬ್ರೇ," ಎಂದಳು ಅಂದು, ವೇದಿಕೆಯ ಮೇಲೆ ಕೂತಿದ್ದ ಠಾಣಾಧಿಕಾರಿ ಓಫಿರ್‌ನ ಕಡೆ ತಿರುಗಿ. "ನಮ್ಮೂರಲ್ಲಿ ಹತ್ತು ಹೆಣ ಬಿದ್ರೆ ಒಂದೇ ಒಂದು ಕೇಸು ಕೋರ್ಟಿನ ಬಾಗಿಲು ನೋಡುತ್ತೆ. ಮಿಕ್ಕ ಒಂಬತ್ತು ಎಲ್ಲಿ ಹೋಗ್ತವೆ? ಗುಡ್ಡದಾಚೆ ಯಹೂದಿ ಊರಲ್ಲಿ ಟ್ರ್ಯಾಕ್ಟರ್ ಕಳುವಾದ್ರೆ ವಾರದೊಳಗೆ ಕಳ್ಳನ್ನ ಹಿಡೀತೀರಿ. ನಮ್ಮ ಮಕ್ಕಳು ಒಂದು ಟ್ರ್ಯಾಕ್ಟರಿನಷ್ಟೂ ಬಾಳಲ್ವಾ?"

ಭವನ ಚಪ್ಪಾಳೆಯಿಂದ ನಡುಗಿತು. ಯಾರೋ ಶಿಳ್ಳೆ ಹೊಡೆದರು.

ಓಫಿರ್ ಒಳ್ಳೆಯ ಅರಬ್ಬೀ ಮಾತಾಡುತ್ತಿದ್ದ. ಹೀಬ್ರೂ ವಾಸನೆ ಸ್ವಲ್ಪ ಹೊಡೆಯುತ್ತಿತ್ತು, ಅಷ್ಟೆ. ಕೋಪ ಮಾಡಿಕೊಳ್ಳಲಿಲ್ಲ. ಚಪ್ಪಾಳೆ ನಿಲ್ಲುವ ತನಕ ಕಾದು ಮೈಕಿಗೆ ಬಾಗಿದ.

"ಅದ್‌ಹಮ್ ಅನ್ನೋ ಹುಡುಗ ಸತ್ತನಲ್ಲ, ಅದನ್ನೇ ತಗೊಳ್ಳಿ ಡಾಕ್ಟ್ರಮ್ಮ. ಮಧ್ಯಾಹ್ನ. ಸರ್ಕಲ್ಲಿನಲ್ಲಿ. ಶಾಲೆ ಬಿಟ್ಟ ಹೊತ್ತು. ಒಂದು ಕಡೆ ಕ್ಷೌರದಂಗಡಿ, ಇನ್ನೊಂದು ಕಡೆ ತರಕಾರಿಯೋನು, ಎದುರಿಗೆ ಕಾಫಿ ಹುರಿಯೋ ಅಂಗಡಿ. ಯಾರನ್ನ ಕೇಳಿದ್ರೂ 'ನಾನಲ್ಲಿರ್ಲಿಲ್ಲ, ನಾನು ನೋಡ್ಲಿಲ್ಲ.' ಎಲ್ಲರ ಕ್ಯಾಮೆರಾನೂ ಅದೇ ದಿನ ಕೆಟ್ಟಿತ್ತಂತೆ. ಊರಿಗೆ ಊರೇ ಕುರುಡಾದ್ರೆ ನಾನು ಯಾರನ್ನ ಕೋರ್ಟಿಗೆ ಒಯ್ಯಲಿ? ಒಬ್ಬ ಸಾಕ್ಷಿ ಕೊಡಿ. ಒಬ್ಬನೇ ಒಬ್ಬ. ಆಮೇಲೆ ನಾನು ಕೆಲಸ ಮಾಡದಿದ್ರೆ ಇದೇ ಜಾಗಕ್ಕೆ ಕರೆಸಿ ಉಗೀರಿ."

ಜನ ಗದ್ದಲವೆಬ್ಬಿಸಿದರು. ಹಿಯಾಮ್ ಕೈಯೆತ್ತಿ ಸುಮ್ಮನಿರಿಸಿದಳು. "ಸಾಕ್ಷಿ ಹೇಳಿದೋನ ಮನೆಗೆ ಕಾವಲು ಯಾರು ಸಾಹೇಬ್ರೇ? ಅವನು ಮಾರನೇ ದಿನ ಬದುಕಿರ್ತಾನೆ ಅಂತ ನೀವು ಬರೆದುಕೊಡ್ತೀರಾ? ಕೊಡದಿದ್ರೆ ಜನರ ಮೇಲೆ ತಪ್ಪು ಹಾಕಬೇಡಿ!"

ಮತ್ತೆ ಚಪ್ಪಾಳೆ. ಆ ಚಪ್ಪಾಳೆಯ ನಡುವೆಯೇ, ಹಿಂದಿನ ಸಾಲಿನಿಂದ ತನ್ನ ಗಂಡ ನಬೀಹ್ ಎದ್ದು ಹೊರಗೆ ಹೋದದ್ದು ಹಿಯಾಮ್‌ಗೆ ಕಂಡಿತು. ಸೆಕೆಗೆ ಹೋಗಿರಬೇಕು ಎಂದುಕೊಂಡಳು. ಸರ್ಕಲ್ಲಿನ ಎದುರಿನ ಕಾಫಿ ಹುರಿಯುವ ಅಂಗಡಿ ಅವನದೇ. ಆ ಮಧ್ಯಾಹ್ನ ತಾನು ಹಿಂದಿನ ಕೋಣೆಯಲ್ಲಿದ್ದೆ, ಹುರಿಯುವ ಯಂತ್ರದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದು ಪೊಲೀಸರಿಗೂ ಹೇಳಿದ್ದ, ಅವಳಿಗೂ ಹೇಳಿದ್ದ. ಅವಳು ನಂಬಿದ್ದಳು. ಆ ಯಂತ್ರದ ಸದ್ದು ಅವಳಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಔಷಧಿ ಅಂಗಡಿಗೆ ಅದ್‌ಹಮ್‌ನ ತಾಯಿ ಬಂದಳು. ಫದ್ವಾ ಎಂದು ಅವಳ ಹೆಸರು. ಊರವರು ಕರೆಯುವುದು ಉಮ್ಮ್ ಅದ್‌ಹಮ್ ಎಂದು, ಅದ್‌ಹಮ್‌ನ ಅಮ್ಮ. ಮಗ ಹೋದ ಮೇಲೂ ಆ ಹೆಸರು ಬದಲಾಗುವಂತಿರಲಿಲ್ಲ. ರಕ್ತದೊತ್ತಡದ ಮಾತ್ರೆಗೆಂದು ತಿಂಗಳಿಗೊಮ್ಮೆ ಬರುತ್ತಿದ್ದಳು. ಅಂದು ಮಾತ್ರೆ ತೆಗೆದುಕೊಂಡ ಮೇಲೂ ಹೋಗದೆ ತೂಕದ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತಳು. ಕೆಮ್ಮಿನ ಔಷಧಿಗೆ ಬಂದ ಮುದುಕ ಹೋಗುವ ತನಕ ಬಾಯಿ ತೆರೆಯಲಿಲ್ಲ.

"ನಿನ್ನೆ ಚೆನ್ನಾಗಿ ಮಾತಾಡಿದೆ ತಂಗಿ."

"ನಿನಗೋಸ್ಕರಾನೇ ಮಾತಾಡಿದ್ದು ಫದ್ವಾ."

"ಗೊತ್ತು. ಅದಕ್ಕೇ ರಾತ್ರಿಯೆಲ್ಲ ಹೊರಳಾಡಿದೆ, ಹೇಳ್ಲೋ ಬೇಡ್ವೋ ಅಂತ." ಉಮ್ಮ್ ಅದ್‌ಹಮ್ ಮಾತ್ರೆಯ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಇದ್ದಳು. "ಸಾವಿನ ಮನೇಗೆ ಕಾಫಿಯೆಲ್ಲ ನಿನ್ನ ಗಂಡಾನೇ ಕೊಟ್ಟ, ಬಿಡಿಗಾಸು ಮುಟ್ಟಲಿಲ್ಲ. ನಲವತ್ತನೇ ದಿನಾನೂ ತಂದ. ಬಾಗಿಲಲ್ಲಿ ನಿಂತು ಅಳ್ತಿದ್ದ. ನಾನೇ ಸಮಾಧಾನ ಮಾಡ್ಬೇಕಾಯ್ತು. ಆಗ ಒಂದು ಮಾತಂದ. 'ಅತ್ತಿಗೆ, ಮಗು ಹೆಚ್ಚು ಹೊತ್ತು ನರಳಲಿಲ್ಲ. ಯಮ್ಮಾ ಅಂತ ಒಂದೇ ಸಲ ಅಂದ, ಅಷ್ಟೆ.'"

ಹಿಯಾಮ್‌ಳ ಕೈ ಔಷಧಿಯ ಕಪಾಟಿನ ಮೇಲೆಯೇ ನಿಂತಿತು.

"ಆಂಬ್ಯುಲೆನ್ಸ್ ಬಂದಾಗ ನನ್ನ ಮಗನ ಹತ್ರ ಒಂದು ನರಪಿಳ್ಳೆ ಇರ್ಲಿಲ್ಲ ಅಂತ ಪೊಲೀಸರು ಬರಕೊಂಡಿದಾರೆ," ಎಂದಳು ಉಮ್ಮ್ ಅದ್‌ಹಮ್. "ಹಂಗಾದ್ರೆ ಅವನು ಯಮ್ಮಾ ಅಂದದ್ದು ಕೇಳಿಸಿಕೊಂಡೋರು ಯಾರು?"

"ಆಗ್ಲೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿ ಏನು ಮಾಡ್ಲಿ? ನಿಂಗೂ ಒಬ್ಬಳೇ ಮಗಳು. ನನ್ನ ಮಗ ಹೆಂಗೂ ಹೋದ." ಅವಳು ಎದ್ದಳು. "ಆದ್ರೆ ನಿನ್ನೆ ಆ ಪೊಲೀಸಿನೋನು ಒಬ್ಬನೇ ಒಬ್ಬ ಸಾಕು ಅಂದ. ಅಂದಮೇಲೆ ಹೆಂಗೆ ಸುಮ್ನಿರ್ಲಿ ಹೇಳು."

ಬಾಗಿಲವರೆಗೆ ಹೋದವಳು ತಿರುಗಿ ನೋಡಲಿಲ್ಲ. ಹಿಯಾಮ್ ಅಂಗಡಿಯನ್ನು ಸಹಾಯಕಿಯ ಕೈಗೊಪ್ಪಿಸಿ ಸರ್ಕಲ್ಲಿನ ಕಡೆ ನಡೆದಳು.

ಕಾಫಿ ಅಂಗಡಿಯಲ್ಲಿ ಏಲಕ್ಕಿಯ ಘಮ ಗೋಡೆಗೇ ಅಂಟಿಕೊಂಡಿತ್ತು. ನಬೀಹ್ ಹುರಿದು ಮಾರುವ ಕಲ್ಲಂಗಡಿ ಬೀಜವನ್ನು ಉಪ್ಪುನೀರಿನಲ್ಲಿ ನೆನೆಸುತ್ತಿದ್ದ. ದೊಡ್ಡ ಮೈಯ, ಮೆತ್ತಗೆ ಮಾತಾಡುವ ಗಂಡಸು. ಹೆಂಡತಿಯ ಮುಖ ನೋಡುತ್ತಲೇ ಕೈ ಒರೆಸಿಕೊಂಡು ಬಾಗಿಲಿನ ಹಲಗೆಯನ್ನು 'ಮುಚ್ಚಿದೆ' ಎಂದು ತಿರುಗಿಸಿದ.

"ಫದ್ವಾ ಬಂದಿದ್ಲು," ಎಂದಳು ಹಿಯಾಮ್.

ಅವನು ಬೀಜದ ಮೂಟೆಯ ಮೇಲೆ ಕೂತ. ಬಹಳ ದಿನದಿಂದ ನಿಂತೇ ಇದ್ದವನ ಹಾಗೆ ಕೂತ.

ಆಮೇಲೆ ಹೇಳಿದ. ಅವನು ಹಿಂದಿನ ಕೋಣೆಯಲ್ಲಿರಲಿಲ್ಲ. ಬಾಗಿಲಲ್ಲೇ ಇದ್ದ. ಬಿಳಿ ಕಾರು ಬಂದು ನಿಂತಿತು. ಅದರಿಂದ ಇಳಿದವನು ಮುಂಜಿರ್, ಅಂಗಡಿ ಅಂಗಡಿಗೂ ಹೋಗಿ ರಕ್ಷಣೆಯ ಹೆಸರಲ್ಲಿ ವಸೂಲಿ ಮಾಡುವ ಮನೆತನದ ಕಿರಿಯ. ಮುಖವನ್ನೂ ಮುಚ್ಚಿಕೊಂಡಿರಲಿಲ್ಲ. ಎರಡು ದಿನದ ಹಿಂದೆ ಅದೇ ಸರ್ಕಲ್ಲಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಅವನಿಗೂ ಅದ್‌ಹಮ್‌ಗೂ ಮಾತಿಗೆ ಮಾತು ಬೆಳೆದಿತ್ತು. ಅಷ್ಟಕ್ಕೇ ಹೊಡೆದ. ಕಾರು ಹೋಗುತ್ತಲೇ ನಬೀಹ್ ಓಡಿ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಎದುರಿನ ಕ್ಷೌರದಂಗಡಿಯ ಫತ್‌ಹಿ ಗಾಜಿನ ಹಿಂದೆ ನಿಂತು ನೋಡುತ್ತಿದ್ದ. ಹುಡುಗನ ಉಸಿರು ನಿಂತ ಮೇಲೆ ನಬೀಹ್ ಎದ್ದು ಒಳಗೆ ಹೋಗಿ, ಅಂಗಿ ಬದಲಿಸಿ, ಯಂತ್ರ ಹಾಕಿದ.

"ಕ್ಯಾಮೆರಾ?"

"ಚೆನ್ನಾಗೇ ಇತ್ತು. ರೆಕಾರ್ಡ್ ಆಗೋ ಪೆಟ್ಟಿಗೇನ ಜಜ್ಜಿ ದೂರದ ಕಸದ ತೊಟ್ಟಿಗೆ ಹಾಕಿ ಬಂದೆ."

"ನಬೀಹ್!"

"ಮೂರನೇ ದಿನ ಮುಂಜಿರ್ ಬಂದ. ಅರ್ಧ ಕೆಜಿ ಕಾಫಿ ಕೊಡು, ಏಲಕ್ಕಿ ಜಾಸ್ತಿ ಹಾಕು ಅಂದ. ನಾನು ಪುಡಿ ಮಾಡ್ತಾ ಇದ್ರೆ, 'ಲಮೀಸ್ ಹೆಂಗಿದಾಳೆ ಮಾವ? ಹೈಫಾದಲ್ಲಿ ಬಸ್ಸಿಳಿದು ಆ ಮೆಟ್ಟಿಲ ದಾರೀಲಿ ಒಬ್ಬಳೇ ಹತ್ತಿ ಹೋಗ್ತಾಳಲ್ಲ, ಸಂಜೆ ಹೊತ್ತು ಅಲ್ಲಿ ದೀಪ ಇರಲ್ಲ' ಅಂದ. ದುಡ್ಡು ಕೊಟ್ಟ. ಸಲಾಂ ಹೇಳಿ ಹೋದ."

ಲಮೀಸ್ ಅವರ ಒಬ್ಬಳೇ ಮಗಳು. ಹೈಫಾದಲ್ಲಿ ನರ್ಸಿಂಗ್ ಓದುತ್ತಿದ್ದಳು.

"ನಿನ್ನೆ ನೀನು ಆ ಕಡೆಯಿಂದ ಕೇಳ್ತಿದ್ದೆ, ಆ ಪೊಲೀಸಿನೋನು ಈ ಕಡೆಯಿಂದ ಕೇಳ್ತಿದ್ದ," ಎಂದ ನಬೀಹ್. "ಇಬ್ರೂ ನನ್ನನ್ನೇ ಹುಡುಕ್ತಿದೀರಿ ಅನಿಸ್ತು. ಇನ್ನು ತಡಕೊಳ್ಳೋಕಾಗಲ್ಲ ಹಿಯಾಮ್. ನಾನು ಹೋಗಿ ಹೇಳ್ತೀನಿ."

ಬಾಯಿಂದ ಮಾತು ಹೊರಬಿದ್ದ ಮೇಲೆಯೇ ತಾನು ಏನಂದೆ ಎಂದು ಹಿಯಾಮ್‌ಗೆ ತಿಳಿದದ್ದು.

"ಸುಮ್ನಿರು," ಎಂದಿದ್ದಳು ಅವಳು. "ಯಾರಿಗೂ ಏನೂ ಹೇಳ್ಬೇಡ."

ಆ ವಾರವೆಲ್ಲ ಅವಳು ಸಮಿತಿಯ ಫೋನ್ ಎತ್ತಲಿಲ್ಲ. ಸಮಿತಿಯವರು ಠಾಣೆಯವರೆಗೆ ಮೆರವಣಿಗೆ ಹೊರಡಿಸಬೇಕೆಂದು, ಅದಕ್ಕೆ ಅವಳೇ ಘೋಷಣೆ ಬರೆದುಕೊಡಬೇಕೆಂದು ಕಾಯುತ್ತಿದ್ದರು. ತಲೆನೋವು ಎಂದಳು. ಬೀದಿಯಲ್ಲಿ ಸಿಕ್ಕವರು ಕೈ ಹಿಡಿದು, "ಭಲೇ ಡಾಕ್ಟ್ರಮ್ಮ, ಅವನ ಬಾಯಿ ಮುಚ್ಚಿಸಿಬಿಟ್ರಿ!" ಎಂದರೆ ಅವಳಿಗೆ ಮೈಯೆಲ್ಲ ಮುಳ್ಳಾಗುತ್ತಿತ್ತು. ಮೈಕಿನ ಮುಂದೆ ಹೇಳಿದ ಒಂದೊಂದು ಮಾತೂ ನಿಜವೇ ಆಗಿತ್ತು. ಸಾಕ್ಷಿ ಹೇಳಿದವನಿಗೆ ಕಾವಲಿಲ್ಲ, ನಿಜ. ಆದರೆ ಆ ನಿಜವನ್ನೇ ಈಗ ತಾನು ಚಾದರದ ಹಾಗೆ ಹೊದ್ದು ಕೂತಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಶುಕ್ರವಾರ ಲಮೀಸ್ ಮನೆಗೆ ಬಂದಾಗ ತಂದೆಯೇ ಎಲ್ಲ ಹೇಳಿದ. ಊಟದ ತಟ್ಟೆಯಲ್ಲಿ ಹಿಯಾಮ್ ಮಾಡಿದ್ದ ಅಕ್ಕಿ ತುಂಬಿ ಬೇಯಿಸಿದ ಸೋರೆಕಾಯಿಯ ಡೋಲ್ಮಾ ಆರಿಹೋಯಿತು. ಹುಡುಗಿ ಧೈರ್ಯದ ಮಾತೇನೂ ಆಡಲಿಲ್ಲ.

"ನಂಗ್ಯಾಕೆ ಹೇಳಿದ್ರಿ?" ಎಂದಳು. "ಐದು ತಿಂಗಳಿಂದ ಆ ಮೆಟ್ಟಿಲು ಹತ್ತುತಾ ಇದೀನಿ, ಏನೂ ಗೊತ್ತಿರ್ಲಿಲ್ಲ, ಆರಾಮಾಗಿದ್ದೆ. ಇನ್ನು ಹೆಂಗೆ ಹತ್ತಲಿ?"

"ಅದಕ್ಕೇ ನಿಮ್ಮಪ್ಪ ಎಲ್ಲೂ ಹೋಗಲ್ಲ," ಎಂದಳು ಹಿಯಾಮ್.

ಲಮೀಸ್ ತಾಯಿಯನ್ನು ದಿಟ್ಟಿಸಿದಳು. "ಅಂದ್ರೆ ನನ್ನಿಂದ ಅಂತಾನಾ? ಫದ್ವಾ ಚಿಕ್ಕಮ್ಮನ ಮುಖ ನಾನು ಹೆಂಗೆ ನೋಡ್ಲಿ ಯಮ್ಮಾ? ನನ್ನ ಹೆಸರನ್ನ ಅದಕ್ಕೆ ಸೇರಿಸ್ಬೇಡ." ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ಹೊರಡುವಾಗ, ಇನ್ನು ಮುಂದೆ ಗೆಳತಿಯ ಮನೆಯಲ್ಲಿರುತ್ತೇನೆ, ಆ ದಾರಿ ಬೇಡ ಎಂದಷ್ಟೇ ಹೇಳಿದಳು. ತಂದೆಯನ್ನು ತಬ್ಬಿಕೊಂಡಳು. ತಾಯಿಗೆ ಕೈ ಬೀಸಿದಳು.

ಎರಡು ದಿನ ಕಳೆದು ಹಿಯಾಮ್‌ಗೆ ಠಾಣೆಯಿಂದ ಫೋನ್ ಬಂತು. ನಿಮ್ಮ ಗಂಡ ಇಲ್ಲಿದ್ದಾರೆ, ಬಂದರೆ ಒಳ್ಳೆಯದು. ನಬೀಹ್ ಅವಳಿಗೆ ಹೇಳದೆ ಹೋಗಿದ್ದ. ಹೇಳಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆಂದು ಅವನಿಗೆ ಗೊತ್ತಿತ್ತು.

ಠಾಣೆಯಲ್ಲಿ ಓಫಿರ್ ಇರಲಿಲ್ಲ. ಮೇಜಿನ ಹಿಂದೆ ಕೂತಿದ್ದ ತನಿಖಾಧಿಕಾರಿಣಿ ಹೊಸಬಳು, ಎಳೆಯ ವಯಸ್ಸಿನವಳು. ಅವಳ ಹೆಸರು ಶಿರಾ. ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಸುಸ್ತಾದಂತಿದ್ದಳು.

"ಈ ಅದ್‌ಹಮ್‌ನ ಕೇಸು ನಮ್ಮ ಹತ್ರ ಇಲ್ಲ ಮೇಡಂ," ಎಂದಳು.

"ಇಲ್ಲ ಅಂದ್ರೆ?"

"ಮುಚ್ಚಿಯಾಗಿದೆ. ಆರೋಪಿ ಪತ್ತೆಯಾಗಿಲ್ಲ ಅಂತ. ನೋಡ್ತಿದ್ದ ಅಧಿಕಾರಿಗೆ ದಕ್ಷಿಣಕ್ಕೆ ವರ್ಗವಾಯ್ತು. ಫೈಲು ಉಗ್ರಾಣಕ್ಕೆ ಹೋಗಿದೆ."

"ಯಾವಾಗ ಮುಚ್ಚಿದ್ದು?"

ಶಿರಾ ಪರದೆ ನೋಡಿ ದಿನಾಂಕ ಹೇಳಿದಳು. ಹೇಳಿದ ಮೇಲೆ, ಹೇಳಬಾರದಿತ್ತೇನೋ ಎಂದು ತುಟಿ ಕಚ್ಚಿಕೊಂಡಳು. ಹಿಯಾಮ್ ಅಲ್ಲೇ ಲೆಕ್ಕ ಹಾಕಿದಳು. ಭವನದಲ್ಲಿ ಓಫಿರ್ ಮೈಕಿಗೆ ಬಾಗಿ, ಒಬ್ಬ ಸಾಕ್ಷಿ ಕೊಡಿ ಎಂದು ಅಷ್ಟು ಜನರ ಮುಂದೆ ಕೇಳಿದಾಗ, ಆ ಕೇಸು ಮುಚ್ಚಿ ಮೂರು ವಾರ ಕಳೆದಿತ್ತು.

"ಈಗ ಸಾಕ್ಷಿ ಬಂದಿದಾನಲ್ಲ. ತೆಗೀರಿ ಮತ್ತೆ."

"ಅದನ್ನ ಮೇಲಿನೋರು ತೀರ್ಮಾನ ಮಾಡ್ಬೇಕು. ಆದ್ರೆ ಮೇಡಂ..." ಶಿರಾ ದನಿ ತಗ್ಗಿಸಿದಳು. "ಅವರು ಕ್ಯಾಮೆರಾ ನಾಶ ಮಾಡಿದ್ದನ್ನ ಒಪ್ಕೊಂಡಿದಾರೆ. ಪೊಲೀಸರಿಗೆ ಸುಳ್ಳು ಹೇಳಿಕೆ ಕೊಟ್ಟಿದ್ದನ್ನೂ. ಆ ವಿಷಯಕ್ಕೆ ನಾನು ಇವತ್ತೇ ಕೇಸು ಹಾಕ್ಬೇಕಾಗುತ್ತೆ. ಬೇರೆ ದಾರಿಯಿಲ್ಲ."

ನಬೀಹ್‌ನನ್ನು ಸಂಜೆಯವರೆಗೆ ಕೂರಿಸಿಕೊಂಡು, ಬೆರಳಚ್ಚು ತೆಗೆದುಕೊಂಡು, ಜಾಮೀನಿನ ಮೇಲೆ ಬಿಟ್ಟರು. ಬೆರಳಿಗೆ ಹತ್ತಿದ ಮಸಿಯನ್ನು ಅವನು ಕಾರಿನಲ್ಲಿ ಕರವಸ್ತ್ರದಿಂದ ಉಜ್ಜುತ್ತಲೇ ಇದ್ದ. ಅದ್‌ಹಮ್ ಸತ್ತ ಮೇಲೆ ಆ ಸಾವಿನ ಸಂಬಂಧದಲ್ಲಿ ಕೇಸು ಬಿದ್ದ ಮೊದಲ ಮನುಷ್ಯ ಅವನೇ.

"ಕೋಪಾನಾ?" ಎಂದು ಕೇಳಿದ.

ಹಿಯಾಮ್ ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದಳು. ಓಲಿವ್ ತೋಪಿನ ಆಚೆ ಊರಿನ ಮಿನಾರು ಕಾಣುತ್ತಿತ್ತು. ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತಳು. ಕೋಪ ಯಾರ ಮೇಲೆ ಎಂದು ಅವಳಿಗೇ ಗೊತ್ತಾಗಲಿಲ್ಲ. ನಬೀಹ್ ಮಸಿ ಹತ್ತಿದ ಕೈಯನ್ನು ಅವಳ ಬೆನ್ನ ಮೇಲಿಟ್ಟ.

ಮುಂದಿನ ತಿಂಗಳು ನಗರಸಭೆಯ ಬಹಿರಂಗ ಸಭೆ. ಠಾಣೆಯ ಮುಖ್ಯಸ್ಥ ಬಂದು ವರದಿ ಓದುವ ದಿನ. ಓಫಿರ್ ಗಸ್ತು ಹೆಚ್ಚಿಸಿದ್ದನ್ನು, ವಶಪಡಿಸಿಕೊಂಡ ಬಂದೂಕುಗಳನ್ನು, ಶಾಲೆಗಳಲ್ಲಿ ಮಾಡಿದ ಭಾಷಣಗಳನ್ನು ಓದಿದ. ಹಿಯಾಮ್‌ಳ ಸರದಿ ಬಂದಾಗ ಎದ್ದು ನಿಂತಳು. ಈ ಸಲ ಮೈಕು ಕೈಗೆ ಬಂದರೂ ದನಿ ಏರಲಿಲ್ಲ. ಹಿಂದೆ ಕೂತವರು, "ಜೋರಾಗಿ, ಕೇಳ್ತಿಲ್ಲ!" ಎಂದು ಕೂಗಿದರು.

"ಸಾಹೇಬ್ರು ಒಬ್ಬ ಸಾಕ್ಷಿ ಕೇಳಿದ್ರು," ಎಂದಳು. "ಆ ಸಾಕ್ಷಿ ನನ್ನ ಮನೇಲೇ ಇದ್ದ. ನನ್ನ ಗಂಡ. ಎಲ್ಲಾ ನೋಡಿದ್ದ. ಐದು ತಿಂಗಳು ಮುಚ್ಚಿಟ್ಟ. ನಂಗೆ ಗೊತ್ತಾದ ಮೇಲೆ ನಾನೂ ಸುಮ್ನಿರು ಅಂದೆ. ನಾನೇ ಅಂದೆ."

ಅವಳು ಓಫಿರ್‌ನ ಕಡೆ ತಿರುಗಿದಳು.

"ಅವನು ನನ್ನ ಮಾತು ಮೀರಿ ಹೋಗಿ ಹೇಳಿದ. ಹೇಳಿದ ಮೇಲೆ ಗೊತ್ತಾಯ್ತು, ಸಾಹೇಬ್ರು ನಮ್ಮನ್ನ ಸಾಕ್ಷಿ ಕೇಳಿದ ದಿನ ಆ ಕೇಸು ಮುಚ್ಚಿ ಮೂರು ವಾರ ಆಗಿತ್ತು. ಸಾಹೇಬ್ರೇ, ಅದು ನಿಮಗೆ ಗೊತ್ತಿತ್ತಾ ಇರ್ಲಿಲ್ವಾ? ಗೊತ್ತಿದ್ರೆ ನಮಗೆ ಸುಳ್ಳು ಹೇಳಿದ್ರಿ. ಗೊತ್ತಿಲ್ದಿದ್ರೆ ನಿಮ್ಮ ಠಾಣೇಲಿ ಕೊಲೆ ಕೇಸು ಮುಚ್ಚೋದು ನಿಮಗೇ ಗೊತ್ತಾಗಲ್ಲ. ಎರಡರಲ್ಲಿ ಯಾವುದು, ಹೇಳಿ."

ಓಫಿರ್‌ನ ಮುಖ ಕೆಂಪಾಯಿತು. "ವಿಚಾರಣೇಲಿರೋ ಕೇಸಿನ ಬಗ್ಗೆ ನಾನು ಮಾತಾಡೋ ಹಾಗಿಲ್ಲ."

"ವಿಚಾರಣೇಲಿ ಇಲ್ಲ ಅಂತಾನೇ ನಾನು ಹೇಳ್ತಿರೋದು."

ಹಿಂದಿನ ಸಾಲಿನಿಂದ ಒಬ್ಬ ಎದ್ದ. ತರಕಾರಿಯವನ ಅಣ್ಣ. "ಅದೆಲ್ಲಾ ಇರ್ಲಿ ಡಾಕ್ಟ್ರಮ್ಮ. ಸಾಕ್ಷೀನ ಮಂಚದಡೀಲಿ ಬಚ್ಚಿಟ್ಕೊಂಡು ನಮಗೆಲ್ಲಾ ಭಾಷಣ ಬಿಗಿದ್ರಲ್ಲ, ನಾಚಿಕೆ ಆಗ್ಲಿಲ್ವಾ? ರಾಜೀನಾಮೆ ಕೊಡಿ ಮೊದಲು!"

"ಕೊಡ್ಲಿ, ಕೊಡ್ಲಿ!" ಎಂದು ಕೆಲವರು ದನಿಗೂಡಿಸಿದರು. ಹೋದ ಸಲ ಚಪ್ಪಾಳೆ ಹೊಡೆದವರೇ. ಹಿಯಾಮ್ ತಲೆ ತಗ್ಗಿಸದೆ ನಿಂತೇ ಇದ್ದಳು.

ಆಗ ಹೆಂಗಸರ ಕಡೆಯಿಂದ ಉಮ್ಮ್ ಅದ್‌ಹಮ್ ಎದ್ದು ನಿಂತಳು. ಕುಳ್ಳಗಿನ ಹೆಂಗಸು, ಮುಂದಿದ್ದವರ ನಡುವೆ ಅವಳ ಬಿಳಿ ತಲೆವಸ್ತ್ರ ಮಾತ್ರ ಕಾಣುತ್ತಿತ್ತು. ಅವಳಿಗೆ ಮೈಕು ಬೇಕಾಗಲಿಲ್ಲ.

"ಇವಳ ಗಂಡ ತಡವಾಗಿ ಬಂದ. ಬಂದ ತಾನೆ? ಫತ್‌ಹಿ, ನೀನು ಯಾವಾಗ ಬರ್ತೀಯಪ್ಪಾ? ಗಾಜಿನ ಹಿಂದೆ ನಿಂತಿದ್ಯಂತಲ್ಲ, ಇವಳ ಗಂಡಾನೇ ನಂಗೆ ಹೇಳಿದ. ನನ್ನ ಮಗನ ಮೊದಲನೇ ಕ್ಷೌರ ಮಾಡಿದೋನು ನೀನು."

ಕ್ಷೌರದಂಗಡಿಯ ಫತ್‌ಹಿ ಬಾಗಿಲ ಹತ್ತಿರ ನಿಂತಿದ್ದ. ಎಲ್ಲರೂ ಅತ್ತ ತಿರುಗಿದರು. ಅವನು ನೆಲ ನೋಡಿದ, ಏನೋ ಗೊಣಗಿದ, ಜನರನ್ನು ಬದಿಗೆ ಸರಿಸುತ್ತ ಹೊರಗೆ ಹೋದ. ರಾಜೀನಾಮೆ ಕೇಳಿದವರು ಕೂತರು.

ನಾಜರೆತ್‌ನ ಪತ್ರಿಕೆಯೊಂದು ಇದನ್ನು ದೊಡ್ಡದಾಗಿ ಬರೆಯಿತು. ಆಮೇಲೆ ಹೀಬ್ರೂ ಪತ್ರಿಕೆಗಳೂ ಬರೆದವು. ಮುಚ್ಚಿದ ಕೇಸಿನ ಮಾತು ಮೇಲಿನ ಕಚೇರಿಗಳವರೆಗೆ ಹೋಯಿತು. ಫೈಲನ್ನು ಉಗ್ರಾಣದಿಂದ ತರಿಸಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಮುಂಜಿರ್‌ನನ್ನು ಹಿಡಿದರು. ಚಳಿಗಾಲದಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಶಿರಾ ಅದಕ್ಕಾಗಿ ಹಗಲಿರುಳು ದುಡಿದಳು ಎಂದು ಜನ ಹೇಳುತ್ತಿದ್ದರು. ಓಫಿರ್ ಬೇರೆ ಊರಿಗೆ ವರ್ಗವಾಗಿ ಹೋದ. ಯಾರು, ಯಾಕೆ ಆ ಕೇಸನ್ನು ಮುಚ್ಚಿದರು ಎಂದು ಹಿಯಾಮ್ ಬರೆದ ಪತ್ರಗಳಿಗೆ ಪರಿಶೀಲನೆಯಲ್ಲಿದೆ ಎಂಬ ಉತ್ತರವೇ ಬರುತ್ತಿತ್ತು.

ಕಾಫಿ ಅಂಗಡಿಯ ಬಾಗಿಲಿಗೆ ಒಂದು ಬೆಳಗಿನ ಜಾವ ಗುಂಡು ಹಾರಿಸಿದರು. ಒಳಗೆ ಯಾರೂ ಇರಲಿಲ್ಲ. ಗೋಡಂಬಿಯ ಡಬ್ಬಗಳು ಚೂರಾಗಿದ್ದವು. ಅದನ್ನು ಮಾಡಿದವರು ಸಿಗಲಿಲ್ಲ. ಗಿರಾಕಿಗಳು ಕಡಿಮೆಯಾದರು. ಬೇರೆ ಬೀದಿಯ ಅಂಗಡಿಯ ಕಾಫಿಯೇ ರುಚಿ ಎಂದು ಜನಕ್ಕೆ ಒಮ್ಮಿಂದೊಮ್ಮೆಗೆ ಅನ್ನಿಸತೊಡಗಿತು. ಉಮ್ಮ್ ಅದ್‌ಹಮ್ ಮಾತ್ರ ದಿನಾ ಹತ್ತು ಗಂಟೆಗೆ ಬಂದು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ನಬೀಹ್ ಬೇಡವೆಂದರೂ ಕೇಳಲಿಲ್ಲ. "ನನ್ನನ್ನ ಏನು ಮಾಡ್ತಾರೆ?" ಎನ್ನುತ್ತಿದ್ದಳು. ಕಡಲೆಯ ಸಿಪ್ಪೆ ಸುಲಿದು ಕೊಡುತ್ತಿದ್ದಳು, ಹೋಗಿಬರುವವರ ಮುಖ ನೋಡುತ್ತಿದ್ದಳು. ಆ ನೋಟ ತಡೆಯಲಾರದೆ ಕೆಲವರು ಒಳಗೆ ಬಂದು ಕಾಲು ಕೆಜಿ ಕಾಫಿ ಕೊಂಡು ಹೋಗುತ್ತಿದ್ದರು.

ಹಿಯಾಮ್ ನಗರಸಭೆಯ ಜಾಗ ಬಿಡಲಿಲ್ಲ. ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಸಮಿತಿಯಲ್ಲಿ ಅರ್ಧ ಜನ ಹೊರಟುಹೋದರು. ಲಮೀಸ್ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು, ಊರಿಗೆ ಬರುತ್ತಿರಲಿಲ್ಲ. ಬರಬೇಡ ಎಂದವಳು ತಾಯಿಯೇ. ಹಬ್ಬದ ಊಟವನ್ನು ಗಂಡ ಹೆಂಡತಿ ಹೈಫಾಕ್ಕೇ ಕಟ್ಟಿಕೊಂಡು ಹೋಗಿ, ಸಮುದ್ರದ ದಡದ ಬೆಂಚಿನ ಮೇಲೆ ಮಗಳ ಜೊತೆ ಕೂತು ಉಂಡು ಬಂದರು.

ಕೋರ್ಟಿನಲ್ಲಿ ನಬೀಹ್‌ನನ್ನು ಮುಂಜಿರ್‌ನ ವಕೀಲ ಇಡೀ ದಿನ ನಿಲ್ಲಿಸಿ ಕೇಳಿದ. ಐದು ತಿಂಗಳು ಸುಳ್ಳು ಹೇಳಿದವನನ್ನು ಇವತ್ತು ಯಾಕೆ ನಂಬಬೇಕು ಎಂದ. ಕ್ಯಾಮೆರಾ ನಾಶ ಮಾಡಿದ ಕೇಸಿನಲ್ಲಿ ನೀನೇ ಆರೋಪಿಯಲ್ಲವೇ ಎಂದ. ಕಟಕಟೆಯ ಗಾಜಿನ ಹಿಂದಿನಿಂದ ಮುಂಜಿರ್ ನಗುತ್ತಿದ್ದ.

"ಆಗ ಹೆದರಿಕೆ ಆಗಿತ್ತು," ಎಂದ ನಬೀಹ್. "ಈಗ್ಲೂ ಆಗ್ತಿದೆ. ನೋಡಿದ್ದು ಮಾತ್ರ ಅದೇ."

ತೀರ್ಪು ಬರಲು ಇನ್ನೂ ಬಹಳ ದಿನ ಬೇಕು ಎಂದರು. ಮುಂದಿನ ತಾರೀಖು ಕೊಟ್ಟು ಕಳಿಸಿದರು.

ಆ ತಾರೀಖು ಬರುವ ಮೊದಲೇ ಊರಿನ ಮೇಲಿನ ಬಡಾವಣೆಯಲ್ಲಿ ಮತ್ತೊಂದು ಕೊಲೆಯಾಯಿತು. ಮೇಸ್ತ್ರಿ ಕೆಲಸ ಮಾಡುವವನೊಬ್ಬ, ಮನೆಯ ಮುಂದೆ ಕಾರು ತೊಳೆಯುತ್ತಿದ್ದಾಗ. ಸಮಿತಿಯಲ್ಲಿ ಉಳಿದವರು ಫೋನ್ ಮಾಡಿ, ಹೊಸ ಠಾಣಾಧಿಕಾರಿಗೆ ಪತ್ರ ಬರೆಯೋಣ, ಸಭೆ ಕರೆಯೋಣ ಎಂದರು. ಬರೆಯೋಣ ಎಂದಳು ಹಿಯಾಮ್. ಆದರೆ ಅಂದು ಮಧ್ಯಾಹ್ನ ಅಂಗಡಿ ಮುಚ್ಚಿ ತಾನೊಬ್ಬಳೇ ಆ ಬೀದಿಗೆ ಹೋದಳು.

ನೆಲದ ಮೇಲೆ ಸೋಪಿನ ನೊರೆ ಒಣಗಿದ ಗುರುತು ಇನ್ನೂ ಇತ್ತು. ಮೊದಲನೇ ಮನೆಯವರು ಬಾಗಿಲು ತೆರೆಯಲಿಲ್ಲ. ಎರಡನೇ ಮನೆಯ ಮುದುಕ, "ನಂಗೆ ಕಿವಿ ಕೇಳ್ಸಲ್ಲ ಡಾಕ್ಟ್ರಮ್ಮ, ನಿಮಗೇ ಗೊತ್ತಲ್ಲ," ಎಂದ. ನಿಜ, ಅವನ ಕಿವಿಯ ಔಷಧಿ ಅವಳೇ ಕೊಡುತ್ತಿದ್ದುದು. ಆದರೆ ಅವಳು ಮೆಲ್ಲಗೆ ಕೇಳಿದ್ದು ಅವನಿಗೆ ಕೇಳಿಸಿತ್ತು. ಇನ್ನೊಂದು ಮನೆಯಲ್ಲಿ ಒಳಗಿನಿಂದಲೇ ಒಬ್ಬ ಹೆಂಗಸಿನ ದನಿ, "ನಾವು ಆವತ್ತು ಮನೇಲೇ ಇರ್ಲಿಲ್ಲ," ಎಂದಿತು.

"ಸರಿಯಮ್ಮ," ಎಂದಳು ಹಿಯಾಮ್. ಕಾಲು ನೋಯುತ್ತಿತ್ತು. ಅವಳು ಆ ಮನೆಯ ಮೆಟ್ಟಿಲ ಮೇಲೆಯೇ ಕೂತಳು. ಎದುರಿನ ಮಹಡಿಯಲ್ಲಿ ಯಾರೋ ಪರದೆ ಸರಿಸಿ ನೋಡಿ ಮತ್ತೆ ಮುಚ್ಚಿದರು. ಮುಂದೆ ಯಾವ ಮನೆಗೆ ಹೋಗುವುದೆಂದು ಅವಳು ಬೀದಿಯ ಉಳಿದ ಬಾಗಿಲುಗಳನ್ನು ನೋಡಿದಳು.

ಬೆನ್ನ ಹಿಂದೆ ಚಿಲಕ ಸರಿದ ಸದ್ದಾಯಿತು. ಬಾಗಿಲು ಒಂದು ಗೇಣಿನಷ್ಟು ತೆರೆದು, ಹಿಟ್ಟು ಮೆತ್ತಿದ ಕೈಯ ಹೆಂಗಸೊಬ್ಬಳು ಬೀದಿಯ ಎರಡೂ ತುದಿ ನೋಡಿದಳು.

"ಅಲ್ಲಿ ಕೂರಬೇಡಿ ಡಾಕ್ಟ್ರಮ್ಮ, ಯಾರಾದ್ರೂ ನೋಡಿದ್ರೆ ನಮಗೆ ಕಷ್ಟ," ಎಂದಳು ಪಿಸುದನಿಯಲ್ಲಿ. "ಬೇಗ ಒಳಗೆ ಬನ್ನಿ."